ಹಳೇ ಚೈನ್‌ಸಾಗೆ ಹೊಸ ಬಾರ್: ಉದ್ದ ಅಲ್ಲ, ಬಾಲ ನೋಡಿ ತಗೊಳ್ಳಿ

ಮರಗಸಿ ಸೀಸನ್ ಹತ್ತಿರ ಬಂತು ಅಂದ್ರೆ ಮಲೆನಾಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಈ ಮಾತು ಕೇಳ್ತಾನೇ ಇರುತ್ತೆ.

"ಅಣ್ಣಾ, ಒಂದು ಹದಿನೆಂಟು ಇಂಚಿನ ಬಾರ್ ಕೊಡಿ."

"ಯಾವ ಮಿಷನ್‌ಗೆ?"

"ಹಳೇದು ಅಣ್ಣಾ, ಅಪ್ಪನ ಕಾಲದ್ದು. ಹೆಸರೆಲ್ಲ ಅಳಿಸಿ ಹೋಗಿದೆ."

"ಹದಿನೆಂಟು ತಾನೇ? ತಗೊಂಡ್ ಹೋಗಿ, ಆಗುತ್ತೆ."

ಮನೆಗೆ ಬಂದು ಕವರ್ ಬಿಚ್ಚಿ ನೋಡಿದ್ರೆ ಬಾರ್ ಬೋಲ್ಟ್ ಮೇಲೆ ಕೂರೋದೇ ಇಲ್ಲ. ಅಥವಾ ಕೂರುತ್ತೆ, ಆದ್ರೆ ಚೈನ್ ಟೈಟ್ ಮಾಡೋ ಪಿನ್ ತೂತಿಗೆ ಸಿಗಲ್ಲ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಎಲ್ಲಾ ಸರಿಯಾಗಿ ಕೂತು, ಮಿಷನ್ ಓಡಿ, ಅರ್ಧ ಗಂಟೆಯಲ್ಲಿ ಬಾರ್ ನೀಲಿ ಬಣ್ಣಕ್ಕೆ ತಿರುಗಿ ಹೊಗೆ ಬರುತ್ತೆ. ಹೊಸ ಬಾರ್, ಹೊಸ ಚೈನ್ ಎರಡೂ ಒಂದೇ ದಿನಕ್ಕೆ ಹಾಳು.

ಹಳೇ ಚೈನ್‌ಸಾ ಇಟ್ಕೊಂಡಿರೋರು, ಸೆಕೆಂಡ್ ಹ್ಯಾಂಡ್ ಮಿಷನ್ ತಗೊಂಡಿರೋರು, ಆನ್‌ಲೈನ್‌ನಲ್ಲಿ ಬಾರ್ ತರಿಸಬೇಕು ಅಂತಿರೋರು ಈ ವಾರದ ಲೇಖನ ಪೂರ್ತಿ ಓದಿ. ಒಂದು ವರ್ನಿಯರ್, ಒಂದು ಸ್ಕೇಲ್, ನಿಮ್ಮ ಮೊಬೈಲ್ ಕ್ಯಾಮೆರಾ ಇದ್ರೆ ಸಾಕು, ಸರಿಯಾದ ಬಾರ್ ಯಾವುದು ಅಂತ ನೀವೇ ಕಂಡುಹಿಡೀಬಹುದು.

ಮೊದಲು ಇದು ತಿಳ್ಕೊಳ್ಳಿ: ಚೈನ್‌ಗೆ ಕಂಪನಿ ಇಲ್ಲ, ಬಾರ್‌ಗೆ ಅರ್ಧ ಕಂಪನಿ, ಸ್ಪ್ರಾಕೆಟ್‌ಗೆ ಪೂರ್ತಿ ಕಂಪನಿ

ಮರ ಕೊಯ್ಯೋ ಭಾಗದಲ್ಲಿ ಮೂರು ವಸ್ತು ಇವೆ: ಚೈನ್, ಬಾರ್, ಮಿಷನ್ ಒಳಗೆ ಚೈನ್ ತಿರುಗಿಸೋ ಸ್ಪ್ರಾಕೆಟ್.

ಚೈನ್‌ಗೆ ಯಾವ ಕಂಪನಿ ಅನ್ನೋದು ಮುಖ್ಯ ಅಲ್ಲ. ಪಿಚ್, ಗೇಜ್, ಲಿಂಕ್ ಲೆಕ್ಕ, ಈ ಮೂರು ಹೊಂದಿದ್ರೆ ಯಾವ ಕಂಪನಿ ಚೈನ್ ಆದ್ರೂ ಓಡುತ್ತೆ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಜೋ ಕಾಕ್ಸ್ ಎಂಬವರು 1947ರಲ್ಲಿ ಚೈನ್ ತಯಾರಿಸೋ ಕಂಪನಿ ಶುರು ಮಾಡಿದ್ರು. ಮರ ಕೊರೆಯೋ ಹುಳುವಿನ ದವಡೆ ಎಡಕ್ಕೂ ಬಲಕ್ಕೂ ಕತ್ತರಿಸೋದನ್ನ ನೋಡಿ ಅವರು ಚೈನ್ ಹಲ್ಲಿನ ಆಕಾರ ರೂಪಿಸಿದ್ರು. ಹೀಗೆ ಚೈನ್ ಮಾಡೋರೇ ಬೇರೆ, ಮಿಷನ್ ಮಾಡೋರೇ ಬೇರೆ ಆಗಿದ್ದರಿಂದ ಚೈನ್ ಅಳತೆಗಳು ಎಲ್ಲಾ ಕಂಪನಿಗೂ ಒಂದೇ ತರಹ ಬಂದ್ವು.

ಬಾರ್ ವಿಷಯ ಹಾಗಲ್ಲ. ಅದರ ಮುಂದಿನ ಭಾಗ, ಅಂದ್ರೆ ಚೈನ್ ಓಡೋ ಕಾಲುವೆ ಮತ್ತು ಮೂತಿ, ಎಲ್ಲರಿಗೂ ಒಂದೇ ಲೆಕ್ಕ. ಆದ್ರೆ ಮಿಷನ್‌ಗೆ ಸೇರೋ ಹಿಂದಿನ ಭಾಗವನ್ನ, ಅಂದ್ರೆ ಬಾಲವನ್ನ, ಪ್ರತಿ ಕಂಪನಿ ತನಗೆ ಬೇಕಾದ ಹಾಗೆ ಮಾಡ್ಕೊಂಡಿದೆ. ಒಂದೇ ಕಂಪನಿಯ ಸಣ್ಣ ಮಿಷನ್‌ಗೂ ದೊಡ್ಡ ಮಿಷನ್‌ಗೂ ಬಾಲ ಬೇರೆ. ಬಾರ್ ಆಗುತ್ತೋ ಇಲ್ಲವೋ ಅನ್ನೋ ಪ್ರಶ್ನೆಯಲ್ಲಿ ಮುಕ್ಕಾಲು ಪಾಲು ಈ ಬಾಲದ್ದೇ.

ಸ್ಪ್ರಾಕೆಟ್ ಮಾತ್ರ ಪೂರ್ತಿ ಆಯಾ ಮಾಡೆಲ್‌ಗೇ ಸೇರಿದ್ದು. ಹಳೇ ಮಿಷನ್ ರಿಪೇರಿಗೆ ದುಡ್ಡು ಹಾಕೋ ಮುಂಚೆ ಸ್ಪ್ರಾಕೆಟ್ ಸಿಗುತ್ತಾ ಅಂತ ಮೊದಲು ವಿಚಾರಿಸಿ. ಅದೇ ಸಿಗಲ್ಲ ಅಂದ್ರೆ ಬಾರ್ ಹುಡುಕಿ ಉಪಯೋಗ ಇಲ್ಲ.

ಬಾಲದಲ್ಲಿ ನೋಡಬೇಕಾದ್ದು ಏನು?

ಸ್ವಿಚ್ ಆಫ್ ಮಾಡಿ, ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ಎಳೆದಿಡಿ. ಕೈಗೆ ಗ್ಲೌಸ್ ಹಾಕಿ. ಚೈನ್ ಬ್ರೇಕ್ ಬಿಡಿಸಿ ಕವರ್ ತೆಗೀರಿ. ಹಳೇ ಬಾರ್ ಬಿಚ್ಚಿ, ಮರದ ಪುಡಿ, ಆಯಿಲ್ ಜಿಡ್ಡು ಎಲ್ಲಾ ಒರೆಸಿ, ಬೆಳಕಲ್ಲಿ ಹಿಡಿದು ನೋಡಿ.

*1. ಉದ್ದನೆಯ ಸ್ಲಾಟ್.* ಬಾಲದ ನಡುವೆ ಉದ್ದಕ್ಕೆ ಸೀಳಿದ ಜಾಗ ಇದೆಯಲ್ಲ, ಅದರೊಳಗೆ ಮಿಷನ್‌ನ ಸ್ಟಡ್ ಬೋಲ್ಟ್ ಬರುತ್ತೆ. ಸಣ್ಣ ಮಿಷನ್‌ಗೆ ಒಂದು ಬೋಲ್ಟ್, ದೊಡ್ಡದಕ್ಕೆ ಎರಡು. ಇಲ್ಲಿ ಅಳೀಬೇಕಾದ್ದು ಸ್ಲಾಟ್‌ನ ಅಗಲ. ಹಸ್ಕ್ವರ್ನಾ ದೊಡ್ಡ ಮಿಷನ್‌ಗಳ ಬಾರ್‌ನಲ್ಲಿ ಇದು ಸುಮಾರು 9 ಮಿ.ಮೀ., ಮಧ್ಯಮ ಮಿಷನ್‌ಗಳಲ್ಲಿ ಸುಮಾರು 8 ಮಿ.ಮೀ. ಸ್ಟಿಲ್ ಕಂಪನಿಯ ಮಧ್ಯಮ ಮತ್ತು ದೊಡ್ಡ ಮಿಷನ್‌ಗಳಲ್ಲಿ ಸುಮಾರು 12 ಮಿ.ಮೀ. ಕಣ್ಣಳತೆಗೆ ಈ ವ್ಯತ್ಯಾಸ ಗೊತ್ತಾಗಲ್ಲ, ವರ್ನಿಯರ್‌ನಲ್ಲೇ ಅಳೀರಿ.

*2. ಟೆನ್ಶನ್ ಪಿನ್ ತೂತು.* ಸ್ಲಾಟ್‌ನ ಮೇಲೆ ಕೆಳಗೆ ಸಣ್ಣ ದುಂಡು ತೂತುಗಳಿರುತ್ತವೆ. ಸ್ಕ್ರೂ ತಿರುಗಿಸಿ ಚೈನ್ ಟೈಟ್ ಮಾಡುವಾಗ ಬಾರನ್ನ ಮುಂದಕ್ಕೆ ತಳ್ಳೋ ಪಿನ್ ಕೂರೋ ಜಾಗ ಇದು. ತೂತಿನ ಅಗಲ ಎಷ್ಟು, ಸ್ಲಾಟ್ ನಡುಗೆರೆಯಿಂದ ಎಷ್ಟು ದೂರ, ಎರಡನ್ನೂ ಬರ್ಕೊಳ್ಳಿ. ಪಿನ್ ತೂತಿಗೆ ಬೀಳದೆ ನಟ್ ಬಿಗಿದ್ರೆ ಪಿನ್ ಬಾಗುತ್ತೆ, ಇಲ್ಲವೇ ಕವರ್ ಬಿರುಕು ಬಿಡುತ್ತೆ. ಹಳೇ ಮಿಷನ್‌ಗೆ ಇನ್ನೊಂದು ಕವರ್ ಹುಡುಕೋದು ಬಾರ್ ಹುಡುಕೋದಕ್ಕಿಂತ ಕಷ್ಟ.

*3. ಆಯಿಲ್ ತೂತು.* ಇದು ತೀರಾ ಸಣ್ಣದು, ಜಿಡ್ಡು ಕಟ್ಟಿ ಮುಚ್ಚಿರುತ್ತೆ, ಹಾಗಾಗಿ ಯಾರೂ ಗಮನಿಸಲ್ಲ. ಮಿಷನ್ ಮೈಮೇಲೆ ಆಯಿಲ್ ಹೊರಗೆ ಬರೋ ಜಾಗ ಮತ್ತು ಬಾರ್‌ನ ಈ ತೂತು ಎದುರುಬದುರು ಇರಬೇಕು. ಇದರ ಬಗ್ಗೆ ಮುಂದೆ ವಿವರವಾಗಿ ಹೇಳ್ತೀವಿ.

*4. ಕಾಲುವೆಯ ಅಗಲ, ಅಂದ್ರೆ ಗೇಜ್.* ಬಾರ್ ಅಂಚಿನ ಕಾಲುವೆಯಲ್ಲಿ ಚೈನ್‌ನ ಕೆಳಗಿನ ಹಲ್ಲು (ಡ್ರೈವ್ ಲಿಂಕ್) ಓಡುತ್ತೆ. ಸಾಮಾನ್ಯವಾಗಿ ಸಿಗೋದು 1.1, 1.3, 1.5, 1.6 ಮಿ.ಮೀ. ತೀರಾ ದೊಡ್ಡ ಹಳೇ ಮಿಷನ್‌ಗಳಲ್ಲಿ 2.0 ಮಿ.ಮೀ. ಕೂಡ ಇದೆ. 1.5ರ ಚೈನ್ 1.3ರ ಕಾಲುವೆಗೆ ಇಳಿಯಲ್ಲ, ಅದು ತಕ್ಷಣ ಗೊತ್ತಾಗುತ್ತೆ. ಆದ್ರೆ 1.3ರ ಚೈನ್ 1.5ರ ಕಾಲುವೆಗೆ ಆರಾಮಾಗಿ ಇಳಿಯುತ್ತೆ. ಹಾಗೇ ಓಡಿಸಿದ್ರೆ ಚೈನ್ ವಾಲುತ್ತೆ, ಕಟ್ ಸೊಟ್ಟ ಹೋಗುತ್ತೆ, ಕಾಲುವೆ ಬೇಗ ಸವೆಯುತ್ತೆ. ಬೈಕ್ ಗ್ಯಾರೇಜ್‌ನಲ್ಲಿ ಇರೋ ಫೀಲರ್ ಗೇಜ್ ತಗೊಂಡು ಕಾಲುವೆ ಅಳೀಬಹುದು. ಹಳೇ ಬಾರ್ ಸವೆದು ಅಗಲ ಆಗಿರುತ್ತೆ, ಅದಕ್ಕೇ ಬಾಲದ ಹತ್ತಿರ ಸವೆಯದ ಕಡೆ ಅಳೀರಿ.

*5. ಮೂತಿಯ ಪಿಚ್.* ಬಾರ್ ತುದಿಯಲ್ಲಿ ತಿರುಗೋ ಹಲ್ಲಿನ ಚಕ್ರ ಇದ್ರೆ ಅದಕ್ಕೂ ಪಿಚ್ ಇದೆ. ಒಳಗಿನ ಸ್ಪ್ರಾಕೆಟ್, ಚೈನ್, ಮೂತಿ ಮೂರಕ್ಕೂ ಪಿಚ್ ಒಂದೇ ಆಗಿರಬೇಕು. ಚಕ್ರ ಇಲ್ಲದ ಗಟ್ಟಿ ಮೂತಿಯ ಬಾರ್ ಆದ್ರೆ ಇದನ್ನ ನೋಡಬೇಕಿಲ್ಲ.

ಪಿಚ್ ಅಳೆಯೋದು ಸುಲಭ. ಚೈನ್‌ನಲ್ಲಿ ಸಾಲಾಗಿ ಇರೋ ಮೂರು ರಿವೆಟ್ ಹಿಡೀರಿ. ಮೊದಲನೇ ರಿವೆಟ್ ನಡುವಿನಿಂದ ಮೂರನೇ ರಿವೆಟ್ ನಡುವಿಗೆ ಎಷ್ಟು ಅಂತ ನೋಡಿ.

- 12.7 ಮಿ.ಮೀ. ಬಂದ್ರೆ 1/4 ಇಂಚು ಪಿಚ್
- 16.5 ಮಿ.ಮೀ. ಬಂದ್ರೆ 0.325 ಇಂಚು
- 19 ಮಿ.ಮೀ. ಬಂದ್ರೆ 3/8 ಇಂಚು
- 20.5 ಮಿ.ಮೀ. ಬಂದ್ರೆ 0.404 ಇಂಚು

3/8 ಇಂಚಿನಲ್ಲಿ ಎರಡು ಜಾತಿ ಇದೆ, ಇಲ್ಲಿ ಹುಷಾರು. ಸಣ್ಣ ಮಿಷನ್‌ಗೆ ಬರೋ ಗಿಡ್ಡ ಹಲ್ಲಿನ 'ಲೋ ಪ್ರೊಫೈಲ್' ಚೈನ್ ಒಂದು, ದೊಡ್ಡ ಮಿಷನ್‌ನ ಪೂರ್ತಿ ಎತ್ತರದ ಚೈನ್ ಇನ್ನೊಂದು. ಅಳತೆ ಮಾಡಿದ್ರೆ ಎರಡೂ 19 ಮಿ.ಮೀ. ತೋರಿಸುತ್ತೆ, ಆದ್ರೆ ಒಂದರ ಬದಲು ಇನ್ನೊಂದು ಹಾಕೋ ಹಾಗಿಲ್ಲ.

ಹದಿನೆಂಟು ಇಂಚು ಅಂದ್ರೆ ಎಷ್ಟು ಲಿಂಕ್?

ಬಾರ್ ಉದ್ದ ಅಂತ ನಾವು ಹೇಳೋದು ಮಿಷನ್ ಮೈಯಿಂದ ಹೊರಗೆ ಚಾಚಿರೋ, ಮರ ಕೊಯ್ಯೋ ಭಾಗದ ಉದ್ದ. ಕವರ್ ಒಳಗೆ ಎಷ್ಟು ಉದ್ದ ಹೋಗುತ್ತೆ, ಸ್ಪ್ರಾಕೆಟ್ ಎಷ್ಟು ಹಿಂದಿದೆ ಅನ್ನೋದು ಮಿಷನ್‌ನಿಂದ ಮಿಷನ್‌ಗೆ ಬದಲಾಗುತ್ತೆ. ಅದಕ್ಕೇ ಒಂದೇ ಉದ್ದದ ಬಾರ್‌ಗೆ ಲಿಂಕ್ ಲೆಕ್ಕ ಬೇರೆ ಬೇರೆ.

ಒಂದು ಉದಾಹರಣೆ ನೋಡಿ. ಮೂರೂ 18 ಇಂಚು, ಮೂರೂ 0.325 ಪಿಚ್:

- ಸ್ಟಿಲ್ ಎಂಎಸ್ 250: 68 ಡ್ರೈವ್ ಲಿಂಕ್
- ಹಸ್ಕ್ವರ್ನಾ 450: 72 ಡ್ರೈವ್ ಲಿಂಕ್
- ಸ್ಟಿಲ್ ಎಂಎಸ್ 260: 74 ಡ್ರೈವ್ ಲಿಂಕ್

ಒಂದೇ ಕಂಪನಿಯ 250ಕ್ಕೂ 260ಕ್ಕೂ ಆರು ಲಿಂಕ್ ವ್ಯತ್ಯಾಸ! ಸಣ್ಣ ಮಿಷನ್‌ಗಳಲ್ಲೂ ಹೀಗೇ. 16 ಇಂಚಿನ ಲೋ ಪ್ರೊಫೈಲ್ ಚೈನ್ ಸ್ಟಿಲ್ ಎಂಎಸ್ 180ಕ್ಕೆ 55 ಲಿಂಕ್, ಬೇರೆ ಹಲವು ಕಂಪನಿಗಳ ಸಣ್ಣ ಮಿಷನ್‌ಗಳಿಗೆ 56 ಲಿಂಕ್. 'ಹದಿನಾರು ಇಂಚಿನ ಚೈನ್ ಕೊಡಿ' ಅಂತ ಕೇಳಿದ್ರೆ ಇದಕ್ಕೇ ಎಡವಟ್ಟಾಗೋದು.

ಲೆಕ್ಕ ಹಾಕೋಕೆ ಒಂದು ಹಲ್ಲಿಗೆ ಬಣ್ಣ ಹಚ್ಚಿ, ಅಲ್ಲಿಂದ ಶುರು ಮಾಡಿ ಕೆಳಗಿನ ಹಲ್ಲುಗಳನ್ನ ಮಾತ್ರ ಎಣಿಸಿ. ಮೇಲಿನ ಕತ್ತರಿಸೋ ಹಲ್ಲು ಎಣಿಸಬೇಡಿ.

ಬಾರ್ ಮೇಲಿನ ನಂಬರ್ ಓದೋದು ಹೇಗೆ?

ಹಳೇ ಬಾರ್‌ನ ಬಾಲದ ಹತ್ತಿರ ನಂಬರ್ ಕೊರೆದಿರುತ್ತಾರೆ. ಕಾಣದಿದ್ರೆ ಡೀಸೆಲ್ ಹಾಕಿ ಬ್ರಷ್‌ನಲ್ಲಿ ಉಜ್ಜಿ, ಮೊಬೈಲ್ ಟಾರ್ಚನ್ನ ಅಡ್ಡ ಹಿಡಿದು ನೋಡಿ. ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತೆ.

*ಸ್ಟಿಲ್ ಬಾರ್ ಆದ್ರೆ* ನಂಬರ್‌ನ ಮೊದಲ ನಾಲ್ಕು ಅಂಕಿ ನೋಡಿ. ಅದೇ ಬಾಲದ ಜಾತಿ.

- 3005: ಸಣ್ಣ ಮಿಷನ್. ಎಂಎಸ್ 170, 180, 210, 230, 250. ಇವುಗಳ ಹಳೇ ಹೆಸರು 017, 018, 021, 023, 025.
- 3003: ಮಧ್ಯಮ, ದೊಡ್ಡ ಮಿಷನ್. 024, 026, 036, 044, 046, 066. ಎಂಎಸ್ ಹೆಸರಿನಲ್ಲಿ 260, 290, 360, 361, 440, 460, 660.
- 3002: ತೀರಾ ದೊಡ್ಡದು. 070, 090, 084, 088.

ಮಿಷನ್ ಮೇಲೆ 026 ಅಂತ ಇದ್ದು ಅಂಗಡಿಯವರ ಪಟ್ಟಿಯಲ್ಲಿ ಎಂಎಸ್ 260 ಮಾತ್ರ ಇದ್ರೆ ಗಾಬರಿ ಬೇಡ, ಎರಡಕ್ಕೂ 3003 ಬಾಲವೇ.

*ಆರೆಗಾನ್ ಬಾರ್ ಆದ್ರೆ* ಒಂದು ಉದ್ದ ಕೋಡ್ ಇರುತ್ತೆ. ಮೊದಲ ಎರಡು ಅಂಕಿ ಉದ್ದ, ಇಂಚಿನಲ್ಲಿ. ಮೂರನೇ ಅಂಕಿ ಗೇಜ್: 0 ಅಂದ್ರೆ 0.050 ಇಂಚು (1.3 ಮಿ.ಮೀ.), 8 ಅಂದ್ರೆ 0.058 (1.5 ಮಿ.ಮೀ.), 3 ಅಂದ್ರೆ 0.063 (1.6 ಮಿ.ಮೀ.). ಕೊನೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಮೂರು ಅಂಕಿ. ಅದೇ ಬಾಲದ ಕೋಡ್. ನಮ್ಮಲ್ಲಿ ಹೆಚ್ಚು ಬೇಕಾಗೋದು ಇವು:

- ಎ074: ಸ್ಟಿಲ್ ಸಣ್ಣ ಮಿಷನ್ (3005ಕ್ಕೆ ಸಮ)
- ಡಿ025: ಸ್ಟಿಲ್ ಮಧ್ಯಮ, ದೊಡ್ಡ ಮಿಷನ್ (3003ಕ್ಕೆ ಸಮ)
- ಕೆ095: ಹಸ್ಕ್ವರ್ನಾ ಮಧ್ಯಮ ಮಿಷನ್. 51, 55, 350, 445, 450ರಂಥವು
- ಡಿ009: ಹಸ್ಕ್ವರ್ನಾ ದೊಡ್ಡ ಮಿಷನ್. 61, 268, 272, 365, 372ರಂಥವು
- ಎ041: ಹಲವು ಕಂಪನಿಗಳ ಸಣ್ಣ ಮಿಷನ್. ಎಕೋ, ಹೋಮ್‌ಲೈಟ್, ಮೆಕಲಕ್, ಪೌಲನ್, ಹಸ್ಕ್ವರ್ನಾದ ಸಣ್ಣ ಮಾಡೆಲ್‌ಗಳು

ಕೊನೇದು ನೋಡಿ, ಒಂದೇ ಬಾಲ ಎಷ್ಟೊಂದು ಕಂಪನಿಗೆ! ಸಣ್ಣ ಮಿಷನ್ ಇರೋರಿಗೆ ಇದು ಒಳ್ಳೇ ಸುದ್ದಿ. ನಿಮ್ಮ ಕಂಪನಿ ಮುಚ್ಚಿ ಹೋಗಿದ್ರೂ ಬಾರ್ ಸಿಗೋ ಸಾಧ್ಯತೆ ಹೆಚ್ಚು.

ಚೈನ್ ಮೇಲೂ ಗುರುತು ಇರುತ್ತೆ. ಸ್ಟಿಲ್ ಚೈನ್‌ನ ಕೆಳಗಿನ ಹಲ್ಲಿನ ಮೇಲಿನ ಅಂಕಿ ಗೇಜ್ ಹೇಳುತ್ತೆ: 1 ಅಂದ್ರೆ 1.1, 3 ಅಂದ್ರೆ 1.3, 5 ಅಂದ್ರೆ 1.5, 6 ಅಂದ್ರೆ 1.6 ಮಿ.ಮೀ. ಆರೆಗಾನ್ ಚೈನ್‌ನಲ್ಲಿ 91 ಅಂತ ಇದ್ರೆ 3/8 ಲೋ ಪ್ರೊಫೈಲ್, 1.3 ಗೇಜ್. 20, 21, 22 ಇದ್ರೆ 0.325 ಪಿಚ್, ಗೇಜ್ ಕ್ರಮವಾಗಿ 1.3, 1.5, 1.6. 72, 73, 75 ಇದ್ರೆ ದೊಡ್ಡ 3/8 ಪಿಚ್, ಗೇಜ್ ಅದೇ ಕ್ರಮದಲ್ಲಿ.

ಒಂದು ಮಾತು: ಮಿಷನ್ ಮೇಲಿರೋ ಹಳೇ ಬಾರೇ ಸರಿಯಾದ ಬಾರ್ ಅಂತ ನಂಬಬೇಡಿ. ಮೊದಲಿದ್ದ ಮಾಲೀಕರು ಯಾವುದನ್ನೋ ಹೊಂದಿಸಿ ಹಾಕಿರಬಹುದು. ಬಾರ್ ನಂಬರನ್ನೂ ಮಿಷನ್‌ನ ಬೋಲ್ಟ್ ಅಳತೆಯನ್ನೂ ತಾಳೆ ನೋಡಿ.

ಮುಚ್ಚಿ ಹೋದ ಕಂಪನಿ, ಕೈ ಬದಲಾದ ಹೆಸರು

ಹಳೇ ಮಿಷನ್‌ಗಳಲ್ಲಿ ಗೊಂದಲ ಹೆಚ್ಚಾಗೋಕೆ ಇನ್ನೊಂದು ಕಾರಣ, ಕಂಪನಿಗಳು ಕೈ ಬದಲಾಗಿದ್ದು. ಸ್ವೀಡನ್‌ನ ಹಸ್ಕ್ವರ್ನಾವನ್ನ 1978ರಲ್ಲಿ ಎಲೆಕ್ಟ್ರೋಲಕ್ಸ್ ಕೊಂಡುಕೊಳ್ತು. ಯೊನ್ಸೆರೆಡ್, ಪಾರ್ಟ್‌ನರ್, ಅಮೆರಿಕದ ಪೌಲನ್ ಹೆಸರುಗಳೂ ಅದೇ ಗುಂಪಿಗೆ ಸೇರಿದ್ವು. ಮೆಕಲಕ್ ಹೆಸರು ಕೂಡ ಆಮೇಲೆ ಅಲ್ಲಿಗೇ ಬಂತು. 2006ರಲ್ಲಿ ಹಸ್ಕ್ವರ್ನಾ ಮತ್ತೆ ಬೇರೆ ಕಂಪನಿ ಆಯ್ತು. ಜರ್ಮನಿಯ ಡೋಲ್ಮಾರ್ 1991ರಲ್ಲಿ ಜಪಾನ್‌ನ ಮಕಿತಾ ಕೈಗೆ ಹೋಯ್ತು.

ಇದರಿಂದ ನಮಗೆ ತಿಳಿಯೋದು ಎರಡು ವಿಷಯ.

ಒಂದು, ಹೆಸರು ಬೇರೆ ಇದ್ರೂ ಬಾಲ ಒಂದೇ ಇರಬಹುದು. ಹಸ್ಕ್ವರ್ನಾ ಗುಂಪಿಗೆ ಸೇರಿದ ಮೇಲೆ ಬಂದ ಯೊನ್ಸೆರೆಡ್ ಮಾಡೆಲ್‌ಗಳಲ್ಲಿ ಹಲವಕ್ಕೆ ಹಸ್ಕ್ವರ್ನಾ ಬಾಲವೇ.

ಎರಡು, ಹೆಸರು ಒಂದೇ ಇದ್ರೂ ಬಾಲ ಬೇರೆ ಇರಬಹುದು. ಅಮೆರಿಕದಲ್ಲಿ ತಯಾರಾದ ಹಳೇ ಮೆಕಲಕ್‌ಗೂ ಹೆಸರು ಕೈ ಬದಲಾದ ಮೇಲೆ ಬಂದ ಮೆಕಲಕ್‌ಗೂ ಸಂಬಂಧ ಹೆಸರಿನದ್ದು ಮಾತ್ರ. 'ಮೆಕಲಕ್ ಬಾರ್' ಅಂತ ಕೇಳಿದ್ರೆ ಯಾವುದು ಬರುತ್ತೋ ಹೇಳೋಕಾಗಲ್ಲ. ಮಾಡೆಲ್ ನಂಬರ್, ಬಾಲದ ಅಳತೆ ಎರಡೂ ಕೊಟ್ಟು ಕೇಳಿ.

ಆನ್‌ಲೈನ್‌ನಲ್ಲಿ ಸಿಗೋ 52 ಸಿಸಿ, 58 ಸಿಸಿ ಕಡಿಮೆ ಬೆಲೆಯ ಚೈನ್‌ಸಾಗಳಿಗೂ ಇದೇ ಮಾತು. ಅವುಗಳ ಬಾಕ್ಸ್ ಮೇಲಿನ ಹೆಸರು ಹತ್ತಾರು. ಇವುಗಳಲ್ಲಿ ಹೆಚ್ಚಿನವು 0.325 ಪಿಚ್, 1.5 ಗೇಜ್‌ನವು. ಆದ್ರೂ ಬಾರ್ ತರಿಸೋ ಮುಂಚೆ ಅಳತೆ ಮಾಡೇ ತರಿಸಿ. 'ಎಲ್ಲಾ ಚೈನ್‌ಸಾಗೂ ಆಗುತ್ತೆ' ಅಂತ ಬರೆದಿರೋ ಬಾರ್ ಕೊಳ್ಳಬೇಡಿ. ಎಲ್ಲದಕ್ಕೂ ಆಗೋ ಬಾಲ ಅಂತ ಒಂದು ಇಲ್ಲ.

ಕೂತ ಮಾತ್ರಕ್ಕೆ ಸರಿಯಾಯ್ತು ಅಂತಲ್ಲ: ಆಯಿಲ್ ತೂತಿನ ಕಥೆ

ಸ್ಲಾಟ್ ಹೊಂದದಿದ್ರೆ ಬಾರ್ ಕೂರಲ್ಲ, ಪಿನ್ ಹೊಂದದಿದ್ರೆ ಟೈಟ್ ಆಗಲ್ಲ. ಇವೆರಡೂ ತಮ್ಮಷ್ಟಕ್ಕೇ ಗೊತ್ತಾಗುತ್ತೆ. ಆಯಿಲ್ ತೂತು ಹೊಂದದಿದ್ರೆ ಮಾತ್ರ ಏನೂ ಗೊತ್ತಾಗಲ್ಲ. ಮಿಷನ್ ಸ್ಟಾರ್ಟ್ ಆಗುತ್ತೆ, ಮರನೂ ಕೊಯ್ಯುತ್ತೆ. ಟ್ಯಾಂಕ್‌ನಲ್ಲಿ ಆಯಿಲ್ ಕೂಡ ಕಡಿಮೆ ಆಗುತ್ತೆ, ಯಾಕಂದ್ರೆ ಅದು ಕಾಲುವೆಗೆ ಹೋಗದೆ ಕವರ್ ಕೆಳಗೆ ಸುರಿದು ಹೋಗ್ತಿರುತ್ತೆ. ಒಣಗಿದ ಚೈನ್ ಕಾದು ಸಡಿಲ ಆಗುತ್ತೆ, ಮೂತಿಯ ಚಕ್ರ ಹಿಡ್ಕೊಳ್ಳುತ್ತೆ, ಬಾರ್ ಅಂಚು ನೀಲಿ ಆಗುತ್ತೆ. ಸಡಿಲ ಆದ ಚೈನ್ ಹಾರಿ ಬಿದ್ರೆ ಕೈಕಾಲಿಗೇ ಅಪಾಯ.

ಇಂಜಿನ್ ಸ್ಟಾರ್ಟ್ ಮಾಡದೇ ಇದನ್ನ ನೋಡೋ ಸುಲಭ ಉಪಾಯ ಇದೆ. ಸ್ವಲ್ಪ ಗ್ರೀಸ್‌ಗೆ ಕುಂಕುಮ ಕಲಸಿ. ಮಿಷನ್ ಮೈಮೇಲೆ ಆಯಿಲ್ ಬರೋ ಜಾಗದ ಅಂಚಿಗೆ ತೆಳ್ಳಗೆ ಹಚ್ಚಿ. ಹೊಸ ಬಾರನ್ನ ಚೈನ್ ಇಲ್ಲದೆ, ಕೆಲಸದ ವೇಳೆ ಇರೋ ಜಾಗಕ್ಕೇ ಇಟ್ಟು ಒತ್ತಿ ಹಿಡಿದು ತೆಗೀರಿ. ಕೆಂಪು ಗುರುತಿನ ಒಳಗೇ ಬಾರ್‌ನ ಆಯಿಲ್ ತೂತು ಇದ್ರೆ ಸರಿ. ಬಾರ್ ಪೂರ್ತಿ ಹಿಂದೆ ಇದ್ದಾಗ ಒಮ್ಮೆ, ಸ್ವಲ್ಪ ಮುಂದೆ ಬಂದಾಗ ಒಮ್ಮೆ ನೋಡಿ, ಯಾಕಂದ್ರೆ ಚೈನ್ ಹಳೇದಾದಂತೆ ಬಾರ್ ಮುಂದೆ ಬರುತ್ತೆ. ನೋಡಿ ಆದ ಮೇಲೆ ಗ್ರೀಸ್ ಪೂರ್ತಿ ಒರೆಸಿಬಿಡಿ, ಅದೇ ತೂತು ಕಟ್ಟಿಬಿಡಬಾರದು.

ಲೇತ್ ಅಂಗಡಿಗೆ ಕೊಟ್ಟು ಹೊಂದಿಸಬಹುದಾ?

ಬಾರ್ ಆಗದೇ ಇದ್ರೆ ನಮ್ಮೋರಿಗೆ ಮೊದಲು ನೆನಪಾಗೋದು ವೆಲ್ಡಿಂಗ್ ಶಾಪು, ಲೇತು. ಏನು ಮಾಡಿಸಬಹುದು, ಏನು ಮಾಡಿಸಬಾರದು ಅಂತ ಸ್ಪಷ್ಟವಾಗಿ ತಿಳ್ಕೊಳ್ಳಿ.

*ಮಾಡಿಸಬಹುದು:* ಸ್ಲಾಟ್, ಪಿನ್ ಎರಡೂ ಸರಿಯಾಗಿ ಕೂತು ಆಯಿಲ್ ತೂತು ಮಾತ್ರ ಕೆಲವು ಮಿ.ಮೀ. ಆಚೀಚೆ ಇದ್ರೆ, ಅನುಭವ ಇರೋರ ಹತ್ತಿರ ಇನ್ನೊಂದು ತೂತು ಕೊರೆಸಬಹುದು. ಬಾರ್ ಉಕ್ಕು ಗಟ್ಟಿ, ಮಾಮೂಲಿ ಡ್ರಿಲ್ ಬಿಟ್ ಸುಟ್ಟು ಹೋಗುತ್ತೆ. ಕಾರ್ಬೈಡ್ ಬಿಟ್‌ನಲ್ಲಿ ನಿಧಾನಕ್ಕೆ ಕೊರೀಬೇಕು. ತೂತು ಕಾಲುವೆಗೆ ಸೇರಬೇಕು, ಆದ್ರೆ ಕಾಲುವೆಯೊಳಗೆ ಚೂಪು ಅಂಚು ಉಳೀಬಾರದು. ಉಳಿದ್ರೆ ಚೈನ್ ಅಲ್ಲೇ ತಡೆಯುತ್ತೆ.

*ಬುಷ್ ಹಾಕಬಹುದು, ಎಚ್ಚರದಿಂದ:* 12 ಮಿ.ಮೀ. ಸ್ಲಾಟ್‌ನ ಬಾರನ್ನ 9 ಮಿ.ಮೀ. ಬೋಲ್ಟ್ ಇರೋ ಮಿಷನ್‌ಗೆ ಹಾಕಿದ್ರೆ ಒಟ್ಟು 3 ಮಿ.ಮೀ. ಆಟ ಉಳಿಯುತ್ತೆ. ನಟ್ ಎಷ್ಟೇ ಬಿಗಿದ್ರೂ ಕೆಲಸದಲ್ಲಿ ಬಾರ್ ಮೇಲೆ ಕೆಳಗೆ ವಾಲಿ ಚೈನ್ ಹಾರುತ್ತೆ. ಈ ಅಂತರ ತುಂಬೋಕೆ ಅಂತಲೇ ಬುಷ್‌ಗಳು ಬರುತ್ತವೆ. ಲೇತ್‌ನಲ್ಲೂ ಮಾಡಿಸಬಹುದು. ಬುಷ್ ಎತ್ತರ ಬಾರ್ ದಪ್ಪಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇರಬೇಕು. ಹೆಚ್ಚಾದ್ರೆ ನಟ್ ಒತ್ತೋದು ಬುಷ್ ಮೇಲೆ, ಬಾರ್ ಸಡಿಲವಾಗೇ ಉಳಿಯುತ್ತೆ. ಬುಷ್ ಹಾಕಿದ ಮೇಲೂ ಪಿನ್, ಆಯಿಲ್ ತೂತು ಎರಡನ್ನೂ ಮತ್ತೆ ನೋಡಲೇಬೇಕು.

*ಮಾಡಿಸಬಾರದು:* ಸಣ್ಣ ಸ್ಲಾಟನ್ನ ಗ್ರೈಂಡರ್‌ನಲ್ಲಿ ಉಜ್ಜಿ ದೊಡ್ಡದು ಮಾಡೋದು. ಕೈಯಲ್ಲಿ ಉಜ್ಜಿದ್ರೆ ಎರಡು ಅಂಚು ನೇರ ಬರಲ್ಲ, ಬಾರ್ ಸ್ಪ್ರಾಕೆಟ್‌ಗೆ ಸೊಟ್ಟ ಕೂರುತ್ತೆ. ಬಾಲಕ್ಕೆ ವೆಲ್ಡಿಂಗ್ ಹೊಡೆಸೋದು. ಸ್ಟಡ್ ಬೋಲ್ಟನ್ನೇ ಅರದಲ್ಲಿ ಉಜ್ಜಿ ಸಣ್ಣ ಮಾಡೋದು. ಟೆನ್ಶನ್ ಪಿನ್ ತೆಗೆದು ಬರೀ ನಟ್ ಮೇಲೆ ಓಡಿಸೋದು. ಈ ನಾಲ್ಕೂ ಬೇಡವೇ ಬೇಡ. ಬೋಲ್ಟ್ ತುಂಡಾದ್ರೆ ಮಿಷನ್ ಹಾಳು, ಚೈನ್ ಹಾರಿದ್ರೆ ಜೀವಕ್ಕೇ ಕುತ್ತು.

ಮೊಬೈಲ್ ಬಳಸಿ: ಒಮ್ಮೆ ಮಾಡಿಟ್ರೆ ಮತ್ತೆ ತಲೆನೋವಿಲ್ಲ

ಅಂಗಡಿಗೆ ಅಲೆಯೋ ಬದಲು ಮನೇಲೇ ಈ ಕೆಲಸ ಮಾಡ್ಕೊಳ್ಳಿ.

1. ಬಿಳಿ ಹಾಳೆ ಮೇಲೆ ಬಾರ್ ಬಾಲ ಇಟ್ಟು ಪಕ್ಕದಲ್ಲಿ ಉಕ್ಕಿನ ಸ್ಕೇಲ್ ಇಡಿ. ನೇರ ಮೇಲಿಂದ ಫೋಟೋ ತೆಗೀರಿ. ಓರೆಯಾಗಿ ತೆಗೆದ್ರೆ ಅಳತೆ ತಪ್ಪಾಗಿ ಕಾಣುತ್ತೆ.
2. ಕವರ್ ತೆಗೆದ ಮಿಷನ್‌ನ ಫೋಟೋ: ಬೋಲ್ಟ್, ಪಿನ್, ಆಯಿಲ್ ಬರೋ ಜಾಗ, ಸ್ಪ್ರಾಕೆಟ್ ನಾಲ್ಕೂ ಒಂದೇ ಫೋಟೋದಲ್ಲಿ ಕಾಣಬೇಕು.
3. ಮಿಷನ್ ಮಾಡೆಲ್ ನಂಬರ್, ಬಾರ್ ನಂಬರ್, ಚೈನ್ ಹಲ್ಲಿನ ಅಂಕಿ: ಮೂರಕ್ಕೂ ಒಂದೊಂದು ಹತ್ತಿರದ ಫೋಟೋ.
4. ಬಾಲದ ಸುತ್ತ, ತೂತುಗಳ ಒಳಗೆ ಪೆನ್ಸಿಲ್ ಆಡಿಸಿ ಹಾಳೆ ಮೇಲೆ ನಕ್ಷೆ ಬಿಡಿಸಿ. ಅಂಗಡಿಗೆ ಹೋಗುವಾಗ ಇದೇ ಹಾಳೆ ಹೊಸ ಬಾರ್ ಕೆಳಗಿಟ್ಟು ತಾಳೆ ನೋಡಬಹುದು.
5. ಒಂದು ನೋಟ್ ಬರೆದಿಡಿ: ಸ್ಲಾಟ್ ಅಗಲ, ಪಿನ್ ತೂತಿನ ಅಗಲ, ನಡುಗೆರೆಯಿಂದ ಪಿನ್ ದೂರ, ಗೇಜ್, ಪಿಚ್, ಲಿಂಕ್ ಲೆಕ್ಕ, ಉದ್ದ.

ಈ ಫೋಟೋ, ನೋಟ್ ಎರಡನ್ನೂ ವಾಟ್ಸಾಪ್‌ನಲ್ಲಿ ಅಂಗಡಿಯವರಿಗೆ ಕಳಿಸಿ, 'ಈ ಏಳೂ ಹೊಂದುತ್ತಾ?' ಅಂತ ಕೇಳಿ. ಆನ್‌ಲೈನ್‌ನಲ್ಲಾದ್ರೆ ವಾಪಸ್ ಪಡೆಯೋ ಸೌಲಭ್ಯ ಇದ್ರೆ ಮಾತ್ರ ತರಿಸಿ. ಬಂದ ಬಾರನ್ನ ನಕ್ಷೆ ಮೇಲಿಟ್ಟು ನೋಡಿ, ಹೊಂದದಿದ್ರೆ ಮಿಷನ್‌ಗೆ ಹಾಕದೇ ವಾಪಸ್ ಮಾಡಿ. ಒಮ್ಮೆ ಓಡಿಸಿದ ಬಾರ್ ಯಾರೂ ವಾಪಸ್ ತಗೊಳ್ಳಲ್ಲ.

ಹೊಸ ಬಾರ್ ಹಾಕಿದ ಮೇಲೆ ಮೊದಲ ಹತ್ತು ನಿಮಿಷ

ಬಾರ್ ಮೂತಿ ಎತ್ತಿ ಹಿಡಿದು ಚೈನ್ ಟೈಟ್ ಮಾಡಿ, ಎತ್ತಿ ಹಿಡಿದೇ ನಟ್ ಬಿಗೀರಿ. ಚೈನ್ ಬಾರ್‌ನ ಕೆಳ ಅಂಚಿಗೆ ತಾಗಿರಬೇಕು, ಗ್ಲೌಸ್ ಹಾಕಿದ ಕೈಯಲ್ಲಿ ಎಳೆದ್ರೆ ಸಲೀಸಾಗಿ ಓಡಬೇಕು. ಎಲ್ಲಾದ್ರೂ ತಡೆದ್ರೆ ಪಿಚ್ ಅಥವಾ ಗೇಜ್ ತಪ್ಪಿದೆ ಅಂತ ಅರ್ಥ, ಸ್ಟಾರ್ಟ್ ಮಾಡಬೇಡಿ.

ಎಲ್ಲಾ ಸರಿ ಇದ್ರೆ ಒಂದು ರಟ್ಟಿನ ಹಾಳೆ ನೆಲದ ಮೇಲೆ ಹಾಕಿ. ಸ್ಟಾರ್ಟ್ ಮಾಡಿ ಬಾರ್ ಮೂತಿಯನ್ನ ರಟ್ಟಿನಿಂದ ಒಂದು ಗೇಣು ದೂರ ಹಿಡಿದು ಅರ್ಧ ರೇಸ್ ಕೊಡಿ. ಸ್ವಲ್ಪ ಹೊತ್ತಲ್ಲಿ ರಟ್ಟಿನ ಮೇಲೆ ಆಯಿಲ್ ಗೆರೆ ಬೀಳಬೇಕು. ಬೀಳದಿದ್ರೆ ಅಲ್ಲೇ ನಿಲ್ಲಿಸಿ. ಮೊದಲ ಒಂದೆರಡು ಕಟ್ ಆದ ಮೇಲೆ ನಿಲ್ಲಿಸಿ, ಚೈನ್ ಆರಿದ ಮೇಲೆ ಟೈಟ್ ನೋಡಿ, ನಟ್ ಇನ್ನೊಮ್ಮೆ ಬಿಗೀರಿ.

ಮಿಷನ್ ತಳದಲ್ಲಿ, ಬಾರ್ ಬುಡದ ಹತ್ತಿರ ಒಂದು ಸಣ್ಣ ತುಂಡು ಚಾಚಿಕೊಂಡಿರುತ್ತೆ, ಚೈನ್ ಕ್ಯಾಚರ್ ಅಂತಾರೆ. ಚೈನ್ ಹಾರಿದ್ರೆ ನಿಮ್ಮ ಕೈಗೆ ಬಾರದ ಹಾಗೆ ಹಿಡಿಯೋದು ಅದೇ. ಹಳೇ ಮಿಷನ್‌ಗಳಲ್ಲಿ ಇದು ಮುರಿದು ಹೋಗಿರುತ್ತೆ, ಮೊದಲು ಹಾಕಿಸಿ. ಚೈನ್ ಬ್ರೇಕೇ ಇಲ್ಲದ ತೀರಾ ಹಳೇ ಮಿಷನ್ ಆದ್ರೆ ಅದಕ್ಕೆ ಬಾರ್ ಹುಡುಕೋ ಬದಲು ಕೆಲಸದಿಂದ ನಿವೃತ್ತಿ ಕೊಡಿ. ಮೂತಿಯ ಮೇಲ್ಭಾಗ ಮರಕ್ಕೆ ತಾಗಿ ಬಾರ್ ಮುಖಕ್ಕೆ ಎಗರಿ ಬರೋಕೆ ಒಂದು ಕ್ಷಣ ಸಾಕು. ಆಗ ನಿಮ್ಮನ್ನ ಕಾಯೋದು ಆ ಬ್ರೇಕ್ ಒಂದೇ.

ಅಂಗಡಿಗೆ ಹೋಗೋ ಮುಂಚೆ ಇಷ್ಟು ತಾಳೆ ನೋಡಿ

- ಸ್ಪ್ರಾಕೆಟ್ ಸಿಗುತ್ತಾ? ಅದರ ಪಿಚ್ ಎಷ್ಟು?
- ಸ್ಲಾಟ್ ಅಗಲ ಬೋಲ್ಟ್‌ಗೆ ಆಟ ಇಲ್ಲದೆ ಹೊಂದುತ್ತಾ?
- ಪಿನ್ ತೂತಿನೊಳಗೆ ಪೂರ್ತಿ ಇಳಿಯುತ್ತಾ?
- ಆಯಿಲ್ ತೂತು ಎದುರುಬದುರು ಇದೆಯಾ?
- ಬಾರ್ ಗೇಜ್, ಚೈನ್ ಗೇಜ್ ಒಂದೇನಾ?
- ಲಿಂಕ್ ಎಣಿಸಿದ್ರಾ?
- ಮಿಷನ್ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಉದ್ದದ ಬಾರ್ ಹಾಕ್ತಿಲ್ಲ ತಾನೇ?

ಈ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ನಿಮ್ಮ ತೋಟದಲ್ಲಿ ಚೈನ್‌ಸಾ ಹಿಡಿಯೋ ಕೆಲಸದವರಿಗೂ ಕಳಿಸಿ, ಯಾಕಂದ್ರೆ ಬಾರ್ ನೀಲಿ ಆಗೋದು, ಚೈನ್ ಸಡಿಲ ಆಗೋದು ಮೊದಲು ಕಾಣೋದು ಅವರ ಕಣ್ಣಿಗೇ. ಮರಗಸಿಗೆ ಜನ ಸಿಗೋದೇ ಕಷ್ಟ ಇರೋ ಕಾಲದಲ್ಲಿ, ಕೆಲಸ ಶುರುವಾದ ದಿನ ಮಿಷನ್ ಕೈಕೊಟ್ರೆ ಕೂಲಿನೂ ಹೋಯ್ತು, ಬಿಸಿಲೂ ಹೋಯ್ತು. ಸೀಸನ್‌ಗೆ ಒಂದು ತಿಂಗಳು ಮುಂಚೆಯೇ ಕವರ್ ಬಿಚ್ಚಿ ಅಳತೆ ತಗೊಳ್ಳಿ.